ಪೀಪಿ ಹುಡುಕುವ ಜೋಡಿ

ಮಾರ್ಚ್ 4, ಸಂಜೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯ ಕೆಳಗಿರುವ ಇರುವೆಗಳೇ, ಬಾಗಿಲ ಹಿಂದೆ ನಿಂತು ಕದ್ದು ಕೇಳುತ್ತಿರುವ ಮಹನೀಯರೇ — ಎಲ್ಲರಿಗೂ ನಮಸ್ಕಾರ. ಈ ದಿನಚರಿಯನ್ನು ಯಾರೂ ಓದುವುದಿಲ್ಲ ಎಂಬ ಭರವಸೆಯ ಮೇಲೆ ತಮ್ಮ ಮುಂದೆ ಒಂದು ದೂರು ಇಡುತ್ತಿದ್ದೇನೆ. ಯಾರೋ ನನ್ನನ್ನು ಕಾಪಿ ಹೊಡೆಯುತ್ತಿದ್ದಾರೆ.

ನನ್ನನ್ನು! ಬಿ.ಎ., ಎರಡನೇ ದರ್ಜೆ, ಅ ಆ ಇ ಈ ಇಂದ ಹಿಡಿದು ಕೊನೆಯ ಪರೀಕ್ಷೆಯ ತನಕ ಕನ್ನಡ ಮಾಧ್ಯಮ. ಕಾಪಿ ಹೊಡೆಯುತ್ತಿರುವುದು ಇಂಗ್ಲಿಷ್. ಸಭೆಯಲ್ಲಿ ನಗು... ನಗಲಿ.

ಎಂದಿನಂತೆ ಒಂಬತ್ತಕ್ಕೆ ಕೂತೆ. ಪೇಂಟ್ ಅಂಗಡಿಯ ಮೇಲಿನ ಮಹಡಿ, ಸಾಲಾಗಿ ಮೇಜು, ಮೇಜಿಗೂ ಮೇಜಿಗೂ ನಡುವೆ ಎದೆಮಟ್ಟದ ಪ್ಲೈವುಡ್ ತಡಿಕೆ. ಕಂಪ್ಯೂಟರಿನಲ್ಲಿ ಒಂದೊಂದೇ ಇಂಗ್ಲಿಷ್ ವಾಕ್ಯ ಬರುತ್ತದೆ. ಅದರಲ್ಲಿ ಪ್ರಿಪೊಸಿಷನಲ್ ಫ್ರೇಸ್, ಅಂದರೆ ಎಲ್ಲಿ, ಎತ್ತ ಅಂತ ತೋರಿಸುವ ಪದಗುಚ್ಛ, ಎಲ್ಲಿದೆ ಅಂತ ಹುಡುಕಿ ಮೊದಲ ಪದಕ್ಕೊಂದು, ಕೊನೆಯ ಪದಕ್ಕೊಂದು ಗುರುತು ಹಾಕಬೇಕು. ‘ದಿ ಕ್ಯಾಟ್ ಸ್ಲೆಪ್ಟ್ ಅಂಡರ್ ದಿ ಟೇಬಲ್’ — ಅಂಡರ್‌ನಿಂದ ಟೇಬಲ್ ತನಕ. ಬೆಕ್ಕು ಮಲಗಿರಲಿ, ಮುಂದಿನ ವಾಕ್ಯ. ಯಾವುದೋ ಯಂತ್ರಕ್ಕೆ ಇಂಗ್ಲಿಷ್ ಕಲಿಸಲಿಕ್ಕಂತೆ. ಅದಕ್ಕೆ ಗುರು ನಾನು. ಯಂತ್ರದ ಹಣೆಬರಹ. ಆ ಫ್ರೇಸನ್ನು ಕಂಪನಿಯವರು ಚಿಕ್ಕದಾಗಿ ಪಿಪಿ ಅನ್ನುತ್ತಾರೆ, ನಮ್ಮ ಬಾಯಲ್ಲಿ ಪೀಪಿ.

ಒಂದೇ ವಾಕ್ಯ, ಒಂದೇ ಕ್ರಮದಲ್ಲಿ, ಇಬ್ಬರಿಗೆ ಹೋಗುತ್ತದೆ. ಇಬ್ಬರ ಗುರುತೂ ತಾಳೆಯಾದರೆ ಪಾಸು. ನಮ್ಮ ಜೋಡಿ ಯಾರು ಅಂತ ನಮಗೆ ಹೇಳುವುದಿಲ್ಲ.

ಮಧ್ಯಾಹ್ನ ಶೇಕಡಾ ಕರೆದಳು. ನಮ್ಮ ಸೂಪರ್‌ವೈಸರ್. ಬಾಯಿ ತೆರೆದರೆ ಪರ್ಸೆಂಟೇ ಉದುರುವುದರಿಂದ ಆ ಹೆಸರು. ಇಟ್ಟವಳು ನಾನೇ.

“ನಿಮ್ಮದೂ ನಿಮ್ಮ ಜೋಡಿದೂ ತೊಂಬತ್ತೊಂಬತ್ತು ಪರ್ಸೆಂಟ್ ತಾಳೆ ಆಗ್ತಿದೆ.”

“ಥ್ಯಾಂಕ್ಸ್ ಮೇಡಂ.”

“ನಾನೇನು ಹೊಗಳ್ತಾ ಇಲ್ಲ. ಬೇರೆಯವರದ್ದೆಲ್ಲ ಎಂಬತ್ತೈದು, ಹೆಚ್ಚಂದ್ರೆ ತೊಂಬತ್ತು. ಇಬ್ಬರು ಮನುಷ್ಯರು ಇಷ್ಟೊಂದು ಒಪ್ಪಲ್ಲ.”

“ನಿಜ. ಗಂಡ ಹೆಂಡತಿನೇ ಒಪ್ಪಲ್ಲ.”

ನಗಲಿಲ್ಲ. “ಇಬ್ಬರಲ್ಲಿ ಒಬ್ಬರು ಇನ್ನೊಬ್ಬರದ್ದು ನೋಡ್ತಿದೀರ. ಯಾರು ಅಂತ ಗೊತ್ತಾದ್ರೆ ಅವರೊಬ್ಬರು ಹೋಗ್ತಾರೆ. ತಿಂಗಳ ಕೊನೆಯೊಳಗೆ ಗೊತ್ತಾಗದಿದ್ರೆ ಇಬ್ಬರೂ ಮನೆಗೆ. ಮೇಲಿನವರು ಮೇಲ್ ಕಳಿಸಿದಾರೆ.”

“ಜೋಡಿ ಯಾರು ಮೇಡಂ?”

“ನನಗೆ ಗೊತ್ತು. ನಿಮಗೆ ಹೇಳೋ ಹಾಗಿಲ್ಲ.”

ಸರಿ. ನಾನೇ ಹುಡುಕುತ್ತೇನೆ. ದಿನವಿಡೀ ಹುಡುಕುವುದೇ ಕೆಲಸ.

ಜೋಡಿ ಯಾರೋ ಕಾಣೆ,
ಜಾಡು ಹಿಡಿವೆ, ಆಣೆ!

ಮಾರ್ಚ್ 5, ಸಂಜೆ

ಮೊದಲ ಶಂಕಿತೆ — ಹೆಡ್‌ಫೋನ್. ಎಡಗಡೆಯ ಮೇಜು. ಕಾಲೇಜು ಮುಗಿಸಿ ಬಂದ ಹುಡುಗಿ, ಇಡೀ ದಿನ ಕಿವಿಗೆ ಎರಡು ಕಪ್ಪು ಬಟ್ಟಲು ಕವುಚಿಕೊಂಡಿರುತ್ತಾಳೆ. ಕತ್ತು ಮಾತ್ರ ಗಡಿಯಾರದ ಲೋಲಕ. ಇವತ್ತು ನನ್ನ ಸ್ಕ್ರೀನನ್ನು ಗೋಡೆಯ ಕಡೆ ತಿರುಗಿಸಿದೆ.

“ಆಂಟಿ, ಯಾಕೆ ಗೋಡೆಗೆ ತೋರಿಸ್ತಿದೀರ? ಅದಕ್ಕೆ ಇಂಗ್ಲಿಷ್ ಬರಲ್ಲ.”

“ಬೆಳಕು ಕಣ್ಣಿಗೆ ಹೊಡೀತಿತ್ತಮ್ಮ.”

“ಕಿಟಕಿ ನನ್ನ ಕಡೆ ಇದೆ.”

ಪೋರಿಯ ಬಾಯಿ ಕತ್ತರಿ. ಅನುಮಾನ ಬಲವಾಯಿತು.

ಎದುರಿನ ತಡಿಕೆಯ ಆಚೆ ಮೇಷ್ಟ್ರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಆಫೀಸಿನಲ್ಲಿ ಯಾರಿಗೆ ಡೌಟು ಬಂದರೂ ಓಡುವುದು ಅವರ ಹತ್ತಿರ. ಅವರು ನನ್ನನ್ನು ಕಾಪಿ ಹೊಡೆಯುವುದೇ? ಸಮುದ್ರ ನಲ್ಲಿಯ ಮುಂದೆ ಕೊಡ ಹಿಡಿದು ನಿಂತಂತೆ. ಪಟ್ಟಿಯಿಂದ ಹೊರಗೆ. ಪಾಪ, ಅವರಿಗೆ ಅವರದ್ದೇ ನೂರೆಂಟು. ಧೂಳಿನ ಕೆಮ್ಮು. ಮೌಸ್ ಒಗ್ಗುವುದಿಲ್ಲ, ಬಾಣದ ಕೀ ಒತ್ತಿ ಒತ್ತಿ ಪದದಿಂದ ಪದಕ್ಕೆ ಹೋಗುತ್ತಾರೆ. ಟಿಕ್ ಟಿಕ್ ಟಿಕ್, ಟಕ್. ಇವತ್ತು ಗೋಡೆ ಗಡಿಯಾರದ ಕೆಳಗೇ ನಿಂತು ಟೈಮೆಷ್ಟು ಅಂತ ಕೇಳಿದರು. ಟೀಯನ್ನು ಲೋಟದ ಪಕ್ಕಕ್ಕೆ ಬಗ್ಗಿಸಿದರು. ವಯಸ್ಸು.

ಮಾರ್ಚ್ 8, ಬೆಳಿಗ್ಗೆ, ರಜೆ

ಅತ್ತೆ ತರಕಾರಿ ಹೆಚ್ಚುತ್ತ ಕೂತಿದ್ದರು. ನಾನೂ ಕೂತೆ.

“ಏನೇ, ಯಾವುದೋ ಪೀಪಿ ಕೆಲಸ ಅಂತೀಯ. ಊದೋದಂತೂ ಒಂದು ದಿನಾನೂ ಕೇಳಿಸಲಿಲ್ಲ.”

“ಊದೋದಲ್ಲ ಅತ್ತೆ, ಹುಡುಕೋದು.”

“ಏನು ಕಳೆದೋಗಿದೆ ಅಂತ?”

ವಿವರಿಸಿದೆ. ನಮ್ಮಲ್ಲಿ ಮೇಜಿನ ಕೆಳಗೆ, ಮನೆಯ ಹಿಂದೆ — ಜಾಗ ತೋರಿಸುವ ಪದ ಬಾಲದಲ್ಲಿ. ಅವರಲ್ಲಿ ಅದು ಕೊಂಬು, ಮುಂದೆಯೇ. ಕೊಂಬು ಹಿಡಿದರೆ ಪ್ರಾಣಿ ಸಿಕ್ಕಿತು. ಆದರೆ ಪ್ರಾಣಿ ಎಲ್ಲಿ ಮುಗಿಯುತ್ತದೆ ಅನ್ನುವುದೇ ಕಷ್ಟ. ಜಗಳದ ಹಾಗೆ. ಇನ್ನು ಟು ಎಂಬುದು ಎರಡು ನಾಲಿಗೆಯ ಪದ. ‘ಟು ದಿ ಶಾಪ್’ ಅಂದರೆ ಪೀಪಿ, ‘ಟು ಸ್ಲೀಪ್’ ಅಂದರೆ ಅಲ್ಲ. ಇಂಥದ್ದರಲ್ಲಿ ನಾನು ಸೋತಿಲ್ಲ ಅಂದೆ, ಸ್ವಲ್ಪ ಬೀಗಿಯೇ.

ಒಳಗಿನಿಂದ ನಮ್ಮವರು, “ಅವಳು ಇಂಗ್ಲಿಷಿಗೇ ಇಂಗ್ಲಿಷ್ ಕಲಿಸ್ತಾಳಮ್ಮ,” ಅಂದರು. ಪರದೆ ಹೊಲಿಯುವವರು. ಯಾರದೋ ಮನೆಯಲ್ಲಿ ಪರದೆ ತೂಗು ಹಾಕಲು ಏಣಿ ಹತ್ತಿ, ಬಿದ್ದು, ಸೊಂಟ ಹಿಡಿದು ಒಂದು ವರ್ಷವಾಯಿತು. ಹೆಚ್ಚು ಹೊತ್ತು ಕೂರಲಾಗುವುದಿಲ್ಲ, ನಿಲ್ಲಲೂ ಆಗುವುದಿಲ್ಲ. ಆಮೇಲೆ ಮನೆ ನಡೆಯುತ್ತಿರುವುದು ಪೀಪಿಯಿಂದ. ಬಂದವರಿಗೆಲ್ಲ ಹೇಳುತ್ತಾರೆ, ನನ್ನ ಹೆಂಡತಿ ಇಂಗ್ಲಿಷಿನಲ್ಲಿ ಎಕ್ಸ್‌ಪರ್ಟು. ಆ ಮಾತು ಹೇಳುವಾಗ ಅವರ ಸೊಂಟ ನೆಟ್ಟಗಾಗುತ್ತದೆ, ಸುಳ್ಳಲ್ಲ.

ಅತ್ತೆ ಚಾಕು ನಿಲ್ಲಿಸಿದರು. “ಅಲ್ಲಿನೂ ಹೀಗೇ ಗೊಣಗ್ತೀಯಾ?”

“ನಾನೆಲ್ಲಿ ಗೊಣಗ್ತೀನಿ?”

“ಈಗ ಗೊಣಗ್ತಿದ್ಯಲ್ಲ, ಅಂಡರು ದಿ ಚಾಕು ಅಂತ. ಮದುವೆಯಾದಾಗಿಂದ ನೋಡ್ತಿದೀನಿ. ಮೊದಲು ಸಂತೋಷದಲ್ಲಿ ಪ್ರಾಸ ಕಟ್ಟಿ ಗೊಣಗ್ತಿದ್ದೆ. ನನ್ನನ್ನೇ ಬೈತಿದೀಯ ಅಂದ್ಕೊಂಡಿದ್ದೆ.”

ಶುದ್ಧ ಸುಳ್ಳು. ಯೋಚಿಸುತ್ತೇನೆ, ಅಷ್ಟೆ. ಯೋಚನೆಗೆ ಸ್ವಲ್ಪ ತುಟಿ ಬೇಕಾಗುತ್ತದೆ.

(ಅತ್ತೆ ಈ ದಿನಚರಿ ಓದುತ್ತಾರೆಯೇ? ಅವರ ಕನ್ನಡಕ ನನ್ನ ಕಪಾಟಿನ ಮೇಲೆ ಏಕಿದೆ?)

ಮಾರ್ಚ್ 13

ಹೆಡ್‌ಫೋನ್ ಅಲ್ಲ. ಇವತ್ತು ಅವಳು ಎದ್ದು ಹೋದಾಗ ಬಗ್ಗಿ ಅವಳ ಸ್ಕ್ರೀನ್ ನೋಡಿದೆ. ಬೇರೆಯೇ ವಾಕ್ಯಗಳು. ನನಗೆ ಹಡಗು, ಬಂದರು, ದೀಪಸ್ತಂಭ ಬರುತ್ತಿದ್ದರೆ ಅವಳಿಗೆ ಬ್ಯಾಂಕು, ಬಡ್ಡಿ. ನಾನು ಬಗ್ಗಿದ್ದಾಗಲೇ ವಾಪಸ್ ಬಂದಳು.

“ಏನಾದ್ರೂ ಬೀಳಿಸ್ಕೊಂಡ್ರಾ ಆಂಟಿ?”

“ಸೇಫ್ಟಿ ಪಿನ್ನು.”

“ಸಿಕ್ತಾ?”

“ಇಲ್ಲ.”

“ಸಿಗುತ್ತೆ ಬಿಡಿ. ನೀವು ಹುಡುಕೋದ್ರಲ್ಲಿ ತೊಂಬತ್ತೊಂಬತ್ತು ಪರ್ಸೆಂಟಂತಲ್ಲ.”

ಇವಳಿಗೆ ಯಾರು ಹೇಳಿದರು? ಇಡೀ ಆಫೀಸಿಗೆ ಗೊತ್ತೇ? ನೀರಿನ ಕ್ಯಾನ್ ಹತ್ತಿರ ಇಬ್ಬರು ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಮೂಲೆಯವನು ಬೆಳಿಗ್ಗೆ ಗುಡ್ ಮಾರ್ನಿಂಗ್ ಅಂದ, ಎಂದೂ ಅನ್ನದವನು. ಯಾಕೆ? ಗಂಟಲು ಬೇರೆ ಕೆರೆಯುತ್ತಿದೆ.

ಮಾರ್ಚ್ 15

ಎರಡು ದಿನದಿಂದ ದನಿ ಇಲ್ಲ. ಗಂಟಲು ಪೂರ್ತಿ ಬಂದ್. ಬಾಯಿ ತೆರೆದರೆ ಗಾಳಿ ಬಿಟ್ಟ ಸೈಕಲ್ ಟ್ಯೂಬು. ರಜೆ ಹಾಕಲು ಧೈರ್ಯವಿಲ್ಲ — ಹಾಕಿದರೆ ತಪ್ಪಿಸಿಕೊಂಡಳು ಅನ್ನುತ್ತಾರೆ. ಹೋಗಿ ಕೂತೆ.

ಆಫೀಸು ಸತ್ತ ಹಾಗಿತ್ತು. ನನ್ನ ದನಿ ಇಲ್ಲ. ಮೇಷ್ಟ್ರೂ ಒಮ್ಮೆಯೂ ಕೆಮ್ಮಲಿಲ್ಲ. ಟಿಕ್ ಟಿಕ್ಕೂ ಇಲ್ಲ. ಮಧ್ಯಾಹ್ನ ತಡಿಕೆಯ ಮೇಲಿನಿಂದ ಅವರ ಬಿಳಿ ತಲೆ ಕಾಣಿಸಿತು.

“ಏನಮ್ಮ, ಎರಡು ದಿನದಿಂದ ಮೌನ? ನನ್ನ ಮೇಲೆ ಕೋಪಾನಾ?”

ಗಂಟಲು ತೋರಿಸಿದೆ. ಅವರು ನನ್ನ ಮುಖವನ್ನೇ ನೋಡುತ್ತ ಉತ್ತರಕ್ಕೆ ಕಾದರು. ತೋರಿಸುತ್ತಿದ್ದೇನೆ, ಕಾಯುತ್ತಲೇ ಇದ್ದಾರೆ. ಆಮೇಲೆ ಹೆಡ್‌ಫೋನ್, “ಅವರಿಗೆ ಗಂಟಲು ಕಟ್ಟಿದೆ ಸರ್,” ಅಂದಳು. “ಅಯ್ಯೋ, ಬಿಸಿನೀರು ಕುಡೀರಮ್ಮ, ಬೇಗ ವಾಸಿ ಮಾಡ್ಕೊಳ್ಳಿ,” ಅಂದರು. ಸ್ವಂತ ಗಂಟಲಿನ ಬಗ್ಗೆ ಹೇಳಿದಷ್ಟು ಕಳಕಳಿ.

ಸಂಜೆ ಶೇಕಡಾ. ಎದುರಿಗೆ ಎರಡು ಹಾಳೆ.

“ನಿನ್ನೆ ಇವತ್ತು ನಿಮ್ಮದು ಅರ್ಧಕ್ಕರ್ಧ ತಪ್ಪು. ನಿಮ್ಮ ಜೋಡಿದು ಪೂರ್ತಿ ಖಾಲಿ. ಒಂದು ಗುರುತೂ ಇಲ್ಲ. ಯಾರು ಯಾರನ್ನ ನೋಡ್ತಿದ್ರಿ ಅಂತ ನನಗೇ ತಲೆ ಕೆಟ್ಟೋಗಿದೆ.”

ಜ್ವರ ಮೇಡಂ, ಅಂತ ಹಾಳೆಯ ಅಂಚಿನಲ್ಲಿ ಬರೆದು ತೋರಿಸಿದೆ. ಜ್ವರದಲ್ಲಿ ಯಾರ ಕಣ್ಣು ನೆಟ್ಟಗಿರುತ್ತದೆ? ಸಭಿಕರೇ, ನೀವೇ ಹೇಳಿ.

ಆದರೆ ಖಾಲಿ... ನನ್ನ ಗಂಟಲು ಕಟ್ಟಿದರೆ ಇನ್ನೊಬ್ಬರ ಕೈ ಯಾಕೆ ಕಟ್ಟಬೇಕು?

ಮಾರ್ಚ್ 18, ಮಧ್ಯಾಹ್ನ, ಆಫೀಸು

ದನಿ ಬಂತು. ಗೊತ್ತೂ ಆಯಿತು. ಅವಸರಕ್ಕೆ ಅಕ್ಷರ ಕೋಳಿಕಾಲು.

ಬೆಳಿಗ್ಗೆಯಿಂದ ಕಿವಿಗೊಟ್ಟು ಕೂತೆ. ನಾನು ವಾಕ್ಯ ಓದುತ್ತೇನೆ — ಆಚೆ ಟಿಕ್ ಟಿಕ್ ಟಿಕ್, ಟಕ್. ಓದುವುದು ನಿಲ್ಲಿಸುತ್ತೇನೆ, ಟಿಕ್ ಇಲ್ಲ. ಎದ್ದೆ. ನಿಂತುಕೊಂಡೇ, ನನ್ನ ಸ್ಕ್ರೀನ್ ನೋಡುತ್ತ ಓದಿದೆ: ‘ದಿ ಶಿಪ್ ವೇಟೆಡ್ ಔಟ್‌ಸೈಡ್ ದಿ ಹಾರ್ಬರ್.’ ಓದುತ್ತ ತಡಿಕೆಯ ಆಚೆ ಇಣುಕಿದೆ.

ಮೇಷ್ಟ್ರು ನೆಟ್ಟಗೆ ಕೂತಿದ್ದರು. ಮುಖ ಸ್ಕ್ರೀನಿಗೆ, ಕಿವಿ ನನ್ನ ಕಡೆಗೆ. ತುಟಿಯಲ್ಲಿ ಪದ ಎಣಿಸುತ್ತ ಬಾಣದ ಕೀ ಒತ್ತಿದರು — ಟಿಕ್ ಟಿಕ್ ಟಿಕ್, ಎಂಟರ್. ಮತ್ತೆ ಟಿಕ್ ಟಿಕ್, ಎಂಟರ್. ಔಟ್‌ಸೈಡ್‌ನಿಂದ ಹಾರ್ಬರ್ ತನಕ. ಸರಿಯಾಗಿ.

ಅವರ ಸ್ಕ್ರೀನು ಕಪ್ಪಾಗಿತ್ತು.

ಮಂಕಲ್ಲ, ಮಸುಕಲ್ಲ. ಕಪ್ಪು. ಕಸ ಗುಡಿಸುವವಳು ಬೆಳಿಗ್ಗೆ ಎಳೆದು ಸರಿಸಿರಬೇಕು, ಹಿಂದಿನ ವೈರು ಬಿಚ್ಚಿ ಮೇಜಿನಿಂದ ನೇತಾಡುತ್ತಿತ್ತು. ಮನುಷ್ಯನಿಗೆ ಗೊತ್ತೇ ಇಲ್ಲ. ಆರಾಮಾಗಿ ಕೆಲಸ ನಡೆಸಿದ್ದಾರೆ.

ಮಾರ್ಚ್ 18, ಸಂಜೆ

ಎಲ್ಲರೂ ಹೋಗುವ ತನಕ ಮೆಟ್ಟಿಲ ಹತ್ತಿರ ಕಾದೆ. ಮೇಷ್ಟ್ರು ಕಂಬಿ ಹಿಡಿದು, ಪಾದದಿಂದ ಅಂಚು ತಡವಿ ಇಳಿಯುತ್ತಿದ್ದರು.

“ಮೇಷ್ಟ್ರೇ, ನಿಮ್ಮ ಸ್ಕ್ರೀನ್ ಆಫ್ ಆಗಿತ್ತು.”

ನಿಂತರು. “ಎಷ್ಟೊತ್ತಿಂದ?”

“ಬೆಳಿಗ್ಗೆಯಿಂದ.”

ನಕ್ಕರು. “ನೋಡಿದ್ರಾ, ಅದಕ್ಕೇ ಇವತ್ತು ಕಣ್ಣು ಉರೀಲಿಲ್ಲ.” ಮೆಟ್ಟಿಲ ಮೇಲೆ ಕೂತರು. “ಕೆಲಸಕ್ಕೆ ಸೇರಿದಾಗ ಅಲ್ಪಸ್ವಲ್ಪ ಕಾಣ್ತಿತ್ತಮ್ಮ. ಈಗ ಹೊಗೆ. ಒಂದು ದಿನ ನೀವು ಓದ್ತಿದ್ದದ್ದು, ನನಗೆ ಅರ್ಧ ಕಂಡ ವಾಕ್ಯ, ಎರಡೂ ಒಂದೇ ಅಂತ ಗೊತ್ತಾಯ್ತು. ಆಮೇಲೆ ನೋಡೋದೇ ಬಿಟ್ಟೆ. ಕೇಳ್ತೀನಿ, ಎಣಿಸ್ತೀನಿ.”

“ಮನೇಲಿ ಗೊತ್ತಾ?”

“ಗೊತ್ತಾದ್ರೆ ಮೂಲೇಲಿ ಕೂರಿಸ್ತಾರೆ. ಪುಸ್ತಕ ಓದಿ ಹೇಳೋರು ಯಾರಿದಾರೆ ಅಲ್ಲಿ? ಇಲ್ಲಾದ್ರೆ ದಿನವಿಡೀ ಯಾರೋ ನನಗೆ ಓದಿ ಹೇಳ್ತಿದಾರೆ ಅನ್ನಿಸ್ತಿತ್ತು.” ಎದ್ದರು. “ಶೇಕಡಾಗೆ ಹೇಳ್ಬೇಕು ಅಂದ್ರೆ ಹೇಳಿ. ನಿಮ್ಮ ಮನೆ ನಡೀಬೇಕು.”

ಶೇಕಡಾ ಎಂಬ ಹೆಸರು ಇವರಿಗೂ ಗೊತ್ತು. ಅಷ್ಟು ಗೊಣಗಿದ್ದೇನೆಯೇ?

ಇಷ್ಟೇ ಹೇಳಿದರು. ಇನ್ನೊಂದು ವಿಷಯ ಹೇಳಬಹುದಿತ್ತು. ಹೇಳಲಿಲ್ಲ. ಯಾಕೆ? ಮರ್ಯಾದೆಯೇ, ಲೆಕ್ಕಾಚಾರವೇ? ತಿಂಗಳ ಕೊನೆಗೆ ಇಟ್ಟುಕೊಂಡಿದ್ದಾರೆಯೇ? ಮೆಟ್ಟಿಲಿಳಿದು ಹೋದ ಬೆನ್ನನ್ನು ನೋಡುತ್ತ ನಿಂತೆ. ಪಾಪ ಅನ್ನಿಸಬೇಕಿತ್ತು. ಅನುಮಾನವೇ ಬಂತು.

ಮಾರ್ಚ್ 26

ಬರೆಯಲಿಲ್ಲ. ಪ್ರತಿ ದಿನ ಓದಿದೆ, ಪ್ರತಿ ದಿನ ಟಿಕ್ ಟಿಕ್. ಸ್ಕ್ರೀನಿನ ವೈರು ನಾನೇ ಸಿಕ್ಕಿಸಿದೆ. ಯಾರಿಗೂ ಹೇಳಲಿಲ್ಲ.

ಇವತ್ತು ಶೇಕಡಾಗೆ ಹೇಳಿದೆ.

ನಮ್ಮವರು ಬೆಳಿಗ್ಗೆ ಸ್ಟೂಲಿನ ಮೇಲೆ ಕೂತು ಪರದೆ ಕತ್ತರಿಸಲು ಹೋಗಿ, ಅರ್ಧಕ್ಕೇ ಎದ್ದು ಗೋಡೆ ಹಿಡಿದು ನಿಂತರು. ಹಿಂದೆ ಅತ್ತೆ. ಇಬ್ಬರೂ ನನ್ನನ್ನು ನೋಡಲಿಲ್ಲ. ನೋಡದಿರುವುದನ್ನು ನಾನು ನೋಡಿದೆ.

ಶೇಕಡಾ ಮೇಷ್ಟ್ರನ್ನು ಕರೆಸಿದಳು. ಬಾಗಿಲು ಅರ್ಧ ತೆರೆದಿತ್ತು, ನಾನು ಹೊರಗೆ.

“ಅವರು ಹೇಳ್ತಿರೋದು ನಿಜಾನಾ ಸರ್?”

“ನಿಜ. ಆಕೆ ಓದ್ತಿದ್ರು, ನಾನು ಕೇಳಿಸ್ಕೋತಿದ್ದೆ. ಆಕೆದು ಏನೂ ತಪ್ಪಿಲ್ಲ.”

“ಅವರೇನಾದ್ರೂ ನಿಮ್ಮಿಂದ...?”

“ನನ್ನಿಂದ ಏನು ಸಿಗುತ್ತೆ ತಾಯಿ, ಕುರುಡನಿಂದ.”

ಬ್ಯಾಗು ತೆಗೆದುಕೊಂಡು ಹೋದರು. ನನ್ನ ಮೇಜಿನ ಹತ್ತಿರ ನಿಂತು, “ದನಿ ಜೋಪಾನ,” ಅಂದರು. ಹೆಡ್‌ಫೋನ್ ಕೈ ಹಿಡಿದು ಕೆಳಗೆ ಬಿಟ್ಟು ಬಂದಳು.

ಶೇಕಡಾ ಮೊದಲ ಬಾರಿಗೆ ನಕ್ಕಳು. ನನಗೆ ಬಡ್ತಿ. ಜೋಡಿಗಳ ಗುರುತು ತಾಳೆಯಾಗದಿದ್ದರೆ ಯಾರು ಸರಿ ಎಂದು ತೀರ್ಪು ಕೊಡುವ ಕುರ್ಚಿ. ಸೋಮವಾರದಿಂದ. “ಮೇಷ್ಟ್ರಿಗೂ ಗೊತ್ತಾಗ್ದಿದ್ದದ್ದು ನಿಮಗೆ ಗೊತ್ತಾಗ್ತಿತ್ತಲ್ಲ,” ಅಂದಳು.

ಮನೆಯಲ್ಲಿ ಹೇಳಿದೆ. ನಮ್ಮವರ ಸೊಂಟ ನೆಟ್ಟಗಾಯಿತು.

ಪ್ರಾಸ ಹುಡುಕುತ್ತಿದ್ದೇನೆ. ಕೆಮ್ಮು — ದಮ್ಮು, ಬಿಮ್ಮು, ಜುಮ್ಮು. ಯಾವುದೂ ಕೂರುತ್ತಿಲ್ಲ.

ಮಾರ್ಚ್ 31, ಸೋಮವಾರ, ಊಟದ ಬಿಡುವು

ತೀರ್ಪಿನ ಕುರ್ಚಿ. ಹಿಂದೆ ಗೋಡೆ, ಮುಂದೆ ಗಾಜು. ಬೆಳಿಗ್ಗೆಯಿಂದ ಒಂದು ವಾಕ್ಯ ದಾಟಿಲ್ಲ. ‘ಶಿ ಲುಕ್ಡ್ ಅಪ್ ದಿ ನಂಬರ್.’ ಒಬ್ಬರು ಪೀಪಿ ಇದೆ ಎಂದಿದ್ದಾರೆ, ಇನ್ನೊಬ್ಬರು ಇಲ್ಲ ಎಂದಿದ್ದಾರೆ. ಜೋರಾಗಿಯೇ ಓದಿದೆ. ‘ಅಪ್ ದಿ ನಂಬರ್’ ಅಂದೆ. ಕಾದೆ. ಏನೂ ಇಲ್ಲ. ‘ಅಪ್ ದಿ ನಂಬರ್’ ಅಂತ ಮತ್ತೆ ಅಂದೆ.

ಹೆಡ್‌ಫೋನ್ ನೀರು ಕುಡಿಯುವ ನೆಪದಲ್ಲಿ ಬಂದಳು. ಬಟ್ಟಲುಗಳನ್ನು ಕತ್ತಿಗೆ ಇಳಿಸಿದಳು.

“ಆಂಟಿ, ಇದರಲ್ಲಿ ಹಾಡು ಗೀಡು ಏನೂ ಇಲ್ಲ, ಗೊತ್ತಾ? ನಿಮ್ಮಿಬ್ಬರ ಗಲಾಟೆ ಕೇಳಿಸದಿರಲಿ ಅಂತ ಹಾಕ್ಕೋತಿದ್ದೆ. ನೀವು ಓದೋದು, ಅವರು ಕೆಮ್ಮೋದು. ಅವರು ಕೆಮ್ಮಿದ ತಕ್ಷಣ ನೀವು ಇನ್ನೊಂದು ಸಲ ಓದೋದು, ಬೇರೆ ಥರ.”

“ಧೂಳಿನ ಕೆಮ್ಮಮ್ಮ ಅದು.”

“ಅವರು ಹೋದ್ಮೇಲೂ ಧೂಳು ಇಲ್ಲೇ ಇದೆ ಆಂಟಿ.”

ಲೋಟ ಇಟ್ಟು ಹೋದಳು. ಯಾರಿಗೂ ಹೇಳುವುದಿಲ್ಲ ಅಂತ ಕಾಣುತ್ತದೆ. ಅದಕ್ಕೇ ಭಯ.

ಮಾನ್ಯ ಅಧ್ಯಕ್ಷರೇ, ಗಣ್ಯರೇ...

ಸಾಕು. ಅಧ್ಯಕ್ಷರಿಲ್ಲ. ಸಭೆ ಇಲ್ಲ. ಗೊಣಗುತ್ತೇನೆ ಅಂತ ನನಗೆ ಗೊತ್ತಿರಲಿಲ್ಲ ಎಂದು ಬರೆದದ್ದು ಸುಳ್ಳು. ಕೆಲಸಕ್ಕೆ ಸೇರಿದ ಎರಡನೇ ವಾರದಿಂದಲೇ ಗೊತ್ತು. ತಪ್ಪು ಓದಿದರೆ ಆಚೆ ಕೆಮ್ಮು ಬರುತ್ತಿತ್ತು. ಬೇರೆ ಮಾಡಿ ಓದಿದರೆ ಸುಮ್ಮನಾಗುತ್ತಿತ್ತು. ಸುಮ್ಮನಾದಾಗ ಗುರುತು ಹಾಕುತ್ತಿದ್ದೆ. ಆಮೇಲೆ ಸ್ವಲ್ಪ ಜೋರಾಗಿಯೇ ಓದಲು ಶುರು ಮಾಡಿದೆ. ಅವರಿಗೆ ಕೇಳಿಸಲಿ ಅಂತ. ಕಾಪಿ ಹೊಡೆಯುತ್ತಿದ್ದವಳು ನಾನು. ನನ್ನಿಂದ ಯಾರೋ ಕದಿಯುತ್ತಿದ್ದಾರೆ ಅಂದಾಗ ಎಲ್ಲರನ್ನೂ ಅನುಮಾನಿಸಿದೆ, ಅವರೊಬ್ಬರನ್ನು ಬಿಟ್ಟು — ನಾನು ಕದಿಯುತ್ತಿದ್ದದ್ದು ಅವರಿಂದಲೇ ಆದ್ದರಿಂದ. ಅವರಿಗೆ ಎಲ್ಲ ಗೊತ್ತಿತ್ತು. ಬಾಗಿಲು ಅರ್ಧ ತೆರೆದಿದ್ದಾಗಲೂ ಹೇಳಲಿಲ್ಲ. ನಾನು ಕೇಳಿಸಿಕೊಳ್ಳುತ್ತ ನಿಂತಿದ್ದೆ.

ಶೇಕಡಾ ಗಾಜಿನ ಆಚೆ ನಿಂತು ಗಡಿಯಾರ ನೋಡುತ್ತಿದ್ದಾಳೆ. ಬರುತ್ತಿದ್ದಾಳೆ. ವಾಕ್ಯ ಹಾಗೇ ಇದೆ. ಎದ್ದು ಹೇಳುತ್ತೇನೆ. ಮೇಡಂ, ಆ ಪೀಪಿ ಎಲ್ಲಿದೆ ಅಂತ ನನಗೆ —